ಒಂದು ಗಂಟೆ ಹಿಂದಿನ ದೀಪ

ಅವತ್ತು ಬೆಳಗ್ಗೆ ಪಿಕಪ್ ಹತ್ತುವಾಗಲೇ ನನಗೆ ಗಂಡನ ಮೇಲೆ ಸಿಟ್ಟಿತ್ತು. ಜೂನ್ ಕೊನೆಯ ವಾರ. ಬಂಡೆಗಳ ಮೇಲೆ ಒಣಗಲು ಹರಡಿದ್ದ ಕಡಲಪಾಚಿಯೆಲ್ಲ ಮಂಜು ಕುಡಿದು ಲೋಳೆಯಾಗಿತ್ತು. ಅದನ್ನು ಎತ್ತಿ ಒಳಗಿಡುವುದು ಬಿಟ್ಟು ನಾನು ಎವೆರೆಟ್‌ಗೆ ಟಾರ್ಚ್ ಹಿಡಿಯಲು ಹೊರಟಿದ್ದೆ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅವನಿಗೆ ಹಿಡಿದ ಟಾರ್ಚ್‌ಗಳ ಬ್ಯಾಟರಿ ಗುಡ್ಡೆ ಹಾಕಿದರೆ ನಮ್ಮ ಮನೆ ಮುಚ್ಚಿಹೋಗುತ್ತದೆ.

ನಮ್ಮ ಟಾಬರ್ ದ್ವೀಪಕ್ಕೂ ನ್ಯೂ ಬ್ರನ್ಸ್‌ವಿಕ್‌ನ ದಡಕ್ಕೂ ನಡುವೆ ಇರುವುದು ಒಂದು ಜಲ್ಲಿದಾರಿ. ಕಡಲು ಇಳಿದಾಗ ಅದು ರಸ್ತೆ. ಉಬ್ಬರ ಬಂದಾಗ ಅದರ ಮೇಲೆ ಮೂರಾಳು ನೀರು. ದಿನಕ್ಕೆ ಎರಡು ಸಲ ತೆರೆಯುತ್ತದೆ, ಎರಡು ಸಲ ಮುಚ್ಚುತ್ತದೆ, ಯಾರ ಮಾತನ್ನೂ ಕೇಳುವುದಿಲ್ಲ. ದಾರಿಗೆ ಎರಡು ತಗ್ಗು, ನಡುವೆ ಒಂದು ದಿಬ್ಬ. ನೀರು ಮೊದಲು ನುಗ್ಗುವುದು ತಗ್ಗುಗಳಿಗೆ. ದಿಬ್ಬದ ಮೇಲೆ ಇರುವವನ ಕಾಲಡಿ ಒಣ ಜಲ್ಲಿಯೇ ಇರುತ್ತದೆ, ಅಷ್ಟರಲ್ಲಿ ಅವನ ಹಿಂದೆಯೂ ಮುಂದೆಯೂ ದಾರಿ ಹೋಗಿರುತ್ತದೆ. ಮಂಜು ಬಿದ್ದ ದಿನ ತಗ್ಗು ಕಣ್ಣಿಗೆ ಕಾಣುವ ಹೊತ್ತಿಗೆ ಗಾಡಿಯ ಮುಂದಿನ ಚಕ್ರ ಅದರೊಳಗೇ ಇರುತ್ತದೆ.

ಅದಕ್ಕಾಗಿ ಎರಡೂ ತುದಿಯಲ್ಲಿ ಒಂದೊಂದು ಕಂಬ, ಕಂಬದ ಮೇಲೆ ದೀಪ. ಹಸಿರಿದ್ದರೆ ಹೋಗಬಹುದು, ಕೆಂಪಿದ್ದರೆ ನಿಲ್ಲಬೇಕು. ಎರಡನ್ನೂ ಆಡಿಸುವುದು ಆಚೆ ದಡದ ಕಂಬದ ಬುಡದ ಗೂಡಿನಲ್ಲಿರುವ, ಇಸ್ಪೀಟ್ ಎಲೆಯಷ್ಟಗಲದ ಒಂದು ಕಂಪ್ಯೂಟರ್ ಬೋರ್ಡ್. ವರ್ಷವಿಡೀ ಯಾವಾಗ ಉಬ್ಬರ, ಯಾವಾಗ ಇಳಿತ ಎಂಬುದನ್ನೆಲ್ಲ ಎವೆರೆಟ್ ಅದರ ತಲೆಗೆ ತುಂಬಿದ್ದ. ಅದು ಮಾಡಬೇಕಾದದ್ದು ಇಷ್ಟೇ: ಈಗ ಗಂಟೆ ಎಷ್ಟೆಂದು ನೋಡಿ ದೀಪದ ಬಣ್ಣ ಬದಲಿಸುವುದು.

ಆದರೆ ಗಂಟೆ ಎಷ್ಟೆಂಬುದೇ ಅದಕ್ಕೆ ತಿಳಿಯುತ್ತಿರಲಿಲ್ಲ. ಕರೆಂಟ್ ಇರುವಷ್ಟು ಹೊತ್ತು ಎಣಿಸುತ್ತಿರುತ್ತದೆ. ಕರೆಂಟ್ ಹೋದರೆ ಎಣಿಕೆ ನಿಂತಿತು. ಮತ್ತೆ ಎಚ್ಚರವಾದಾಗ, ತಾನು ಮಲಗಿದ ಹೊತ್ತೇ ಇನ್ನೂ ಇದೆ ಅಂದುಕೊಂಡು ಅಲ್ಲಿಂದ ಮುಂದುವರಿಸುತ್ತದೆ. ಬೇರೆ ಕಡೆಯಾದರೆ ಇಂಟರ್ನೆಟ್‌ನಲ್ಲಿ ಯಾರನ್ನಾದರೂ ಕೇಳಿ ಸರಿಮಾಡಿಕೊಳ್ಳುತ್ತದಂತೆ, ಆ ಗೂಡಿಗೆ ಇಂಟರ್ನೆಟ್ ಎಲ್ಲಿಂದ ಬರಬೇಕು? ಮೇ ತಿಂಗಳ ಗಾಳಿಗೆ ತಂತಿ ಕಡಿದು ಆರೇಳು ಗಂಟೆ ಕರೆಂಟ್ ಇರಲಿಲ್ಲ. ಕರೆಂಟ್ ಬಂದಾಗ ದಾರಿಯ ಮೇಲೆ ತುಂಬು ಉಬ್ಬರ, ಕಂಬದ ಮೇಲೆ ಹಸಿರು ದೀಪ. ಅವತ್ತು ಬಿಸಿಲಿತ್ತು, ನೀರು ಎದುರಿಗೇ ಕಾಣುತ್ತಿತ್ತು. ಹಾಗಾಗಿ ಊರೆಲ್ಲ ನಿಂತು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಎವೆರೆಟ್‌ನ ಅಕ್ಕ ಮರ್ಟಲ್.

"ಏನೋ, ನಿನ್ನ ಡಬ್ಬ ಮೀನುಗಳಿಗೆ ದಾರಿ ಬಿಡ್ತಿದೆಯೇನೋ?" ಅಂದಳು.

ಎವೆರೆಟ್ ನಗಲಿಲ್ಲ. ಮೀನು ಸೊಸೈಟಿಯಲ್ಲಿ ದೋಣಿಗಳ ರೇಡಿಯೋ ರಿಪೇರಿ ಮಾಡಿ ನಿವೃತ್ತನಾದವನು. ಯಂತ್ರದ ವಿಷಯದಲ್ಲಿ ನಕ್ಕರೆ ಅವನಿಗೆ ಮೈ ಉರಿಯುತ್ತದೆ. ಊರ ಸಭೆಯಲ್ಲಿ ಎದ್ದು ನಿಂತು, ಬೋರ್ಡಿಗೆ ಅದರದೇ ಗಡಿಯಾರ ಕೂರಿಸುತ್ತೇನೆ, ಕರೆಂಟ್ ಇರಲಿ ಬಿಡಲಿ ಇನ್ನದು ಹೊತ್ತು ಮರೆಯುವುದಿಲ್ಲ ಅಂದ. ಅಷ್ಟಕ್ಕೇ ಬಿಡಲಿಲ್ಲ. ಎರಡು ವರ್ಷದ ಹಿಂದೆ ಮಂಜಿನಲ್ಲಿ ಅಂದಾಜಿನ ಮೇಲೆ ಹೋಗಿ ಕಾರು ಕಳಕೊಂಡವರ ಕಥೆ ಎತ್ತಿ, ಇನ್ನು ಅವರವರ ಅಂದಾಜು ಬೇಡ, ದೀಪ ಹೇಳಿದ್ದೇ ಕೊನೆ ಮಾತು ಎಂದು ಎಲ್ಲರ ಕೈ ಎತ್ತಿಸಿದ. ಮರ್ಟಲ್ ಕೂಡ ಎತ್ತಿದಳು. ಶಾಲೆಯ ವ್ಯಾನ್ ಓಡಿಸುವವಳು ಅವಳು. ದ್ವೀಪದ ಐದು ಮಕ್ಕಳು ದಿನಾ ಅವಳ ಜೊತೆ ಆ ದಾರಿಯಲ್ಲಿ ಹೋಗಿಬರುತ್ತಾರೆ. ಅವರಲ್ಲೊಬ್ಬಳು ನಮ್ಮ ಮೊಮ್ಮಗಳು ಡಾರ್ಸಿ.

ಆ ದಿನ ಶಾಲೆಯ ಕೊನೆಯ ದಿನ. ಮಧ್ಯಾಹ್ನಕ್ಕೇ ಬಿಡುತ್ತಾರೆ. ದಾರಿ ಮುಚ್ಚುವುದು ಒಂದು ಗಂಟೆಗೆ. ಮಕ್ಕಳು ಅಷ್ಟರೊಳಗೆ ಮನೆ ಸೇರಬೇಕು, ತಪ್ಪಿದರೆ ರಾತ್ರಿ ಊಟದ ಹೊತ್ತಿಗೆ ಕಡಲು ಇಳಿಯುವ ತನಕ ಆಚೆ ದಡದಲ್ಲೇ ಕೂರಬೇಕು. ಮಕ್ಕಳು ಬರುವಷ್ಟರಲ್ಲಿ ಹೊಸ ಗಡಿಯಾರ ಕೂತಿರಬೇಕೆಂಬುದು ಎವೆರೆಟ್‌ನ ಹಟ.

ದಾರಿ ದಾಟುವಾಗ ಗಾಡಿಯ ಮೂತಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎರಡೂ ಕಡೆ ನೀರು ಜಲ್ಲಿಯನ್ನು ಚಪ್ಪರಿಸುವ ಸದ್ದು ಮಾತ್ರ ಕೇಳುತ್ತಿತ್ತು. ಕಡಲು ದೂರ ಹೋಗಿರುತ್ತದೆ ಅಂತ ಗೊತ್ತಿದ್ದರೂ ಮಂಜಿನಲ್ಲಿ ಅದು ಕಿವಿಯ ಪಕ್ಕದಲ್ಲೇ ಇರುವಂತೆ ಅನ್ನಿಸುತ್ತದೆ. ನನಗೆ ಆ ದಾರಿಯೆಂದರೆ ಹುಟ್ಟಿದಾಗಿನಿಂದ ಹೆದರಿಕೆ. ಯಾರಿಗೂ ಹೇಳಿಲ್ಲ ಅಷ್ಟೆ.

ಗೂಡಿನಲ್ಲಿ ಇಬ್ಬರು ನಿಲ್ಲಲು ಜಾಗವಿಲ್ಲ. ಎವೆರೆಟ್ ಮೊಣಕಾಲೂರಿ ಕೂತ, ನಾನು ಬಾಗಿಲಲ್ಲಿ ನಿಂತು ಬೆಳಕು ಹಿಡಿದೆ. ಕರೆಂಟ್ ತೆಗೆದು, ಉಗುರಗಲದ ಗಡಿಯಾರದ ಚಿಪ್ಪನ್ನು ನಾಲ್ಕು ತಂತಿಯಿಂದ ಬೋರ್ಡಿನ ಸೂಜಿಗಳಿಗೆ ಸಿಕ್ಕಿಸಿದ. ಚಿಪ್ಪಿನ ಬೆನ್ನಿಗೆ ಬಿಲ್ಲೆಯಂಥ ಒಂದು ಸೆಲ್.

"ಎರಡು ತಂತಿ ಕರೆಂಟಿಗೆ, ಎರಡು ಮಾತಾಡೋಕೆ," ಅಂದ.

"ನಿನಗಿಂತ ವಾಸಿ. ನೀನು ಮಾತಾಡೋಕೆ ಒಂದು ತಂತಿನೂ ಇಟ್ಕೊಂಡಿಲ್ಲ."

"ಬೆಳಕು ಸರಿಯಾಗಿ ಹಿಡಿ, ಆರ್ಡಿತ್."

ಹಳೆಯ ಪರದೆಯನ್ನೂ ಕೀಲಿಮಣೆಯನ್ನೂ ತಂದಿದ್ದ. ಬೋರ್ಡನ್ನು ಎಬ್ಬಿಸಿ ಏನೋ ಹೊಡೆದ. ಪರದೆ ತುಂಬ ಅಡ್ಡಗೆರೆ ಬಂದವು, ಗೆರೆಗಳ ನಡುವೆ ಒಂದೇ ಕಡೆ ಅರವತ್ತೆಂಟು ಎಂಬ ಅಂಕಿ. ಅದನ್ನು ಕಂಡು ಅವನ ಮುಖ ಹೆರಿಗೆ ಆಸ್ಪತ್ರೆಯಲ್ಲಿ ಮಗು ನೋಡಿದವನ ಹಾಗಾಯಿತು. ಅದು ಗಡಿಯಾರದ ಮನೆ ನಂಬರಂತೆ, ಅಂದರೆ ಬೋರ್ಡ್ ಅದನ್ನು ಗುರುತಿಸಿದೆ. ಆಮೇಲೆ ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿದ. ಮಲಗಿದ ಹೊತ್ತನ್ನೇ ನೆನಪಿಟ್ಟುಕೊಂಡು ಅದನ್ನೇ ಈಗಿನ ಹೊತ್ತೆಂದು ಹೇಳುತ್ತಿದ್ದ ಹಳೆಯ ಪ್ರೋಗ್ರಾಮನ್ನು ಅಳಿಸಿ ಹಾಕಿದ.

"ಸುಳ್ಳು ಗಡಿಯಾರ ಹೋಯ್ತು," ಅಂದ. "ಇನ್ನು ಇದಕ್ಕೆ ನಿಜ ಹೇಳಿಕೊಡಬೇಕು. ಒಂದೇ ಸಲ. ಹೇಳಿಕೊಟ್ಟಮೇಲೆ ಹತ್ತು ವರ್ಷ ಮರೆಯಲ್ಲ."

ಜೇಬಿನಿಂದ ಫೋನ್ ತೆಗೆದು ನೋಡಿಕೊಂಡು ದಿನಾಂಕವನ್ನೂ ಹೊತ್ತನ್ನೂ ಹೊಡೆದ. ಮತ್ತೊಂದು ಸಾಲು ಹೊಡೆದು ಅದನ್ನು ಚಿಪ್ಪಿಗೆ ಬರೆಸಿದ. ಓದಿಸಿ ನೋಡಿದ, ಫೋನಿಗೂ ಅದಕ್ಕೂ ತಾಳೆಯಾಯಿತು. ಬೋರ್ಡನ್ನು ಕ್ರಮವಾಗಿ ಮಲಗಿಸಿ ಕರೆಂಟ್ ಕಿತ್ತ. ನಾವಿಬ್ಬರೂ ಪಿಕಪ್‌ನಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದು ಮುಗಿಸಿ ಬಂದ ಮೇಲೆ ಮತ್ತೆ ಎಬ್ಬಿಸಿದ. ಕತ್ತಲಲ್ಲಿ ಕಳೆದ ಹೊತ್ತನ್ನೂ ಸೇರಿಸಿ ಅದು ಸರಿಯಾಗಿ ಎಣಿಸಿತ್ತು. ಮತ್ತೆ ಫೋನಿಗೆ ಹಿಡಿದು ನೋಡಿದ, ಒಂದು ನಿಮಿಷವೂ ಆಚೀಚೆ ಇಲ್ಲ. ತಲೆಯ ಮೇಲೆ ಹಸಿರು ದೀಪ ಹತ್ತಿಕೊಂಡಿತು.

"ಮರ್ಟಲ್‌ಗೆ ಹೇಳು, ಈಗ ನಗು ಅಂತ," ಅಂದ.

ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವನು ತಿಂಗಳಿಂದ ನಿದ್ದೆಗೆಟ್ಟಿದ್ದ. ಪರದೆ, ಕೀಲಿಮಣೆ ಅಲ್ಲೇ ಇರಲಿ, ನಾಳೆ ಇನ್ನೊಮ್ಮೆ ನೋಡುತ್ತೇನೆ ಎಂದು ಗೂಡಿಗೆ ಚಿಲಕ ಹಾಕಿದ. ದ್ವೀಪಕ್ಕೆ ಮರಳಿದೆವು. ಅವನು ಹಿಂದಿನ ಕೊಟ್ಟಿಗೆಯಲ್ಲಿ ಏನೋ ಕುಟ್ಟುತ್ತ ಕೂತ, ನಾನು ಹಾಳಾದ ಪಾಚಿ ಎತ್ತಿ, ಬಿಸ್ಕತ್ತಿನ ಹಿಟ್ಟು ಕಲಸಿ, ಹ್ಯಾಡಕ್ ಮೀನು ಆಲೂಗಡ್ಡೆ ಹಾಕಿ ಹಾಲುಸಾರು ಇಟ್ಟೆ.

ಸಾರು ಕುದಿದರೂ ಮರ್ಟಲ್‌ನ ವ್ಯಾನ್ ಸದ್ದು ಬರಲಿಲ್ಲ. ಒಲೆಯ ಗಡಿಯಾರ ಒಂದು ದಾಟಿತು. ಬಹುಮಾನ ಹಂಚುವುದು ಎಳೆದಿರಬೇಕು, ದಾರಿ ಮುಚ್ಚಿತು, ಇನ್ನು ಸಂಜೆವರೆಗೆ ಆಚೆ ದಡದ ಗಪ್ಟಿಲ್ ಅಂಗಡಿಯಲ್ಲಿ ಮಕ್ಕಳು ಬೆಂಚು ಕಾಯಬೇಕು ಅಂದುಕೊಂಡೆ. ಡಾರ್ಸಿಗೆ ಒಂದು ಬಟ್ಟಲು ತೆಗೆದಿಟ್ಟು ಗಂಡನನ್ನು ಊಟಕ್ಕೆ ಕರೆದೆ.

ಅವನು ಕೈ ಒರೆಸುತ್ತ ಒಳಗೆ ಬಂದ. "ಏನು, ಇಷ್ಟು ಬೇಗ ಊಟ?"

"ಬೇಗವಾ? ಒಂದೂ ಹತ್ತು ಆಗಿದೆ."

"ಹನ್ನೆರಡೂ ಹತ್ತು," ಎಂದು ಫೋನ್ ತೋರಿಸಿದ.

ನನಗೆ ನಗು ಬಂತು. "ನಿನ್ನ ಹೊಸ ಫೋನು ಮೇನ್‌ಗೆ ಹೋಗಿ ಕೂತಿದೆ ಮಾರಾಯ."

ನಮ್ಮಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಕೊಲ್ಲಿಯ ಆಚೆ ಕಾಣುವುದೇ ಅಮೆರಿಕದ ಮೇನ್ ರಾಜ್ಯ, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ನಮ್ಮ ದಡದಲ್ಲಿ ಫೋನ್‌ಗಳು ನಮ್ಮ ಟವರ್ ಬಿಟ್ಟು ಅವರದನ್ನು ಹಿಡಿಯುತ್ತವೆ, ಹಿಡಿದ ಕೂಡಲೇ ಗಂಟೆಯನ್ನೂ ತಾವೇ ಹಿಂದಕ್ಕೆ ತಿರುಗಿಸಿಕೊಳ್ಳುತ್ತವೆ. ಅದಕ್ಕೇ ದ್ವೀಪದಲ್ಲಿ ಯಾರೇ ಹೊಸ ಫೋನ್ ತಂದರೂ ಡಬ್ಬಿ ಒಡೆದ ತಕ್ಷಣ ಮಾಡುವ ಕೆಲಸ, ಗಂಟೆ ತಾನಾಗಿ ಬದಲಾಗದಂತೆ ಕಟ್ಟಿಹಾಕುವುದು. ಊರಿನ ಅರ್ಧ ಜನಕ್ಕೆ ಅದನ್ನು ಮಾಡಿಕೊಟ್ಟವನು ಎವೆರೆಟ್ಟೇ. ಅವನ ಹಳೆಯ ಫೋನ್ ಮೀನಿನ ಪೀಪಾಯಿಗೆ ಬಿದ್ದು ಈ ಹೊಸದು ಬಂದು ಒಂದು ವಾರವೂ ಆಗಿರಲಿಲ್ಲ. ಗೂಡಿನ ಗಡಿಯಾರದ ಗುಂಗಿನಲ್ಲಿ ಇದರ ಗಂಟೆ ಕಟ್ಟಿಹಾಕಲು ಮರೆತಿದ್ದ.

ನನ್ನ ನಗು ಮುಗಿಯುವ ಮೊದಲೇ ಅವನ ಮುಖ ನೋಡಿದೆ. ಅವನು ಫೋನನ್ನೇ ನೋಡುತ್ತಿದ್ದ. ಬೆಳಗ್ಗೆ ಗೂಡಿನಲ್ಲಿ ಅವನ ಕೈಯಲ್ಲಿದ್ದದ್ದು ಅದೇ ಫೋನ್.

"ದೀಪ," ಅಂದ. "ದೀಪ ಎರಡು ಗಂಟೆವರೆಗೂ ಹಸಿರಾಗೇ ಇರುತ್ತೆ."

"ಮರ್ಟಲ್ ಇನ್ನೂ ಬಂದಿಲ್ಲ," ಅಂದೆ.

ಅವನು ಆಗಲೇ ಪಿಕಪ್‌ನ ಕೀಲಿ ಹುಡುಕುತ್ತಿದ್ದ. ನಾನು ಗೋಡೆಯ ಫೋನ್ ಎತ್ತಿದೆ. ಶಾಲೆಯವರು, ವ್ಯಾನ್ ಹೊರಟು ಬಹಳ ಹೊತ್ತಾಯಿತಲ್ಲ, ಕಾರ್ಯಕ್ರಮ ತಡವಾಯಿತು, ಆದರೂ ಈಗ ನಿಮ್ಮ ದಾರಿಯ ಹತ್ತಿರ ಇರಬೇಕು ಅಂದರು. ಮರ್ಟಲ್‌ನ ಫೋನ್ ಸಿಗಲಿಲ್ಲ. ದಡಕ್ಕೆ ತಿರುಗುವ ಮೂಲೆಯಲ್ಲಿರುವುದು ಗಪ್ಟಿಲ್ ಅಂಗಡಿಯೊಂದೇ, ಅದರ ಲೈನ್ ಬಿಡುವಿರಲಿಲ್ಲ.

"ಈಚೆ ಕಂಬದ ತಂತಿ ಕೀಳೋಣ," ಅಂದೆ.

"ಅದು ಈಚೆಯದನ್ನಷ್ಟೇ ಆರಿಸುತ್ತೆ. ಅವಳು ನೋಡೋದು ಆಚೆಯದನ್ನ."

"ಮರ್ಟಲ್‌ಗೆ ಉಬ್ಬರದ ಹೊತ್ತು ಗೊತ್ತಿಲ್ವಾ? ಅವಳೇನು ಪೇಟೆಯವಳಾ?"

"ಗೊತ್ತು. ಅಂದಾಜು ಬೇಡ, ದೀಪ ನೋಡು ಅಂತ ಎಲ್ಲರ ಮುಂದೆ ಕೈ ಎತ್ತಿಸಿದ್ದು ಯಾರು?" ಬಾಗಿಲಲ್ಲಿ ನಿಂತು ಅಂದ. "ಹಸಿರು ಕಂಡ್ರೆ ತನ್ನ ಲೆಕ್ಕವೇ ತಪ್ಪು ಅಂದ್ಕೊಳ್ತಾಳೆ. ಬರ್ತಾಳೆ."

"ತಗ್ಗಿಗೆ ನೀರು ಬಂದಿರುತ್ತೆ, ಎವೆರೆಟ್."

"ಇನ್ನೂ ಚಕ್ರದಷ್ಟಿರುತ್ತೆ. ದಾಟಿ ಗಾಡಿ ಅಡ್ಡ ಹಾಕ್ತೀನಿ, ಹಾರ್ನ್ ಹೊಡೀತೀನಿ. ನೀನು ಫೋನ್ ಬಿಡಬೇಡ."

ಹೋಗಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ವ್ಯಾನ್‌ನಲ್ಲಿ ಐದು ಮಕ್ಕಳಿದ್ದರು. ಪಿಕಪ್ ಮಂಜಿನೊಳಗೆ ಹೋಯಿತು, ಸದ್ದು ಸ್ವಲ್ಪ ಹೊತ್ತು ಕೇಳಿಸಿ ಆಮೇಲೆ ಅದೂ ನಿಂತಿತು. ನಾನು ಗಪ್ಟಿಲ್ ನಂಬರು ತಿರುಗಿಸುತ್ತಲೇ ಇದ್ದೆ. ಆ ಅಂಗಡಿಯಲ್ಲಿ ಫೋನ್ ಹಿಡಿದು ಕೂತು ಹರಟುತ್ತಿದ್ದವರು ಯಾರೇ ಇರಲಿ, ಅವರಿಗೆ ಅವತ್ತು ನಾನು ಹಾಕಿದ ಶಾಪ ತಟ್ಟಿದ್ದರೆ ಉಳಿಯುತ್ತಿರಲಿಲ್ಲ. ಕೊನೆಗೆ ಸಿಕ್ಕಿತು.

"ಮರ್ಟಲ್ ಹೋದ್ಲಾ?" ಅಂದೆ.

"ಎಲ್ಲಿ ಹೋಗ್ತಾಳೆ? ಇಲ್ಲೇ ಇದ್ದಾಳೆ," ಅಂದ ಗಪ್ಟಿಲ್. "ಶಾಲೆ ಮುಗೀತು ಅಂತ ಮಕ್ಕಳಿಗೆ ಐಸ್‌ಕ್ರೀಂ ಕೊಡಿಸ್ತಿದ್ದಾಳೆ. ಯಾಕೆ, ನಿನಗೂ ಒಂದು ಕಳಿಸ್ಲಾ?"

ನಾನು ಗೋಡೆಗೆ ಒರಗಿ ನಿಂತೆ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು, ಅದರಲ್ಲಿ ಡಾರ್ಸಿಯ ದನಿ ಬೇರೆಯಾಗಿ ಗೊತ್ತಾಯಿತು. ಮರ್ಟಲ್ ಫೋನಿಗೆ ಬಂದಳು.

"ಈಗ ಹೊರಡೋಳೇ ಇದ್ದೆ ಕಣೇ. ಹೊತ್ತು ಮೀರ್ತು ಅನ್ನಿಸ್ತು, ಹೇಗೂ ದೀಪ ನೋಡೋಣ, ಹಸಿರಿದ್ರೆ ಬಂದುಬಿಡ್ತೀನಿ ಅಂತ."

"ಬರಬೇಡ. ದೀಪ ಸುಳ್ಳು ಹೇಳ್ತಿದೆ. ಅದು ಮೇನ್‌ನ ಗಂಟೆ ಇಟ್ಕೊಂಡಿದೆ."

ಅವಳಿಗೆ ಅಷ್ಟು ಹೇಳಿದ್ದೇ ಸಾಕಾಯಿತು, ಎಲ್ಲ ತಿಳಿಯಿತು. "ಅವನೆಲ್ಲಿ?" ಅಂದಳು.

"ನಿನ್ನನ್ನ ತಡೆಯೋಕೆ ದಾರಿಗೆ ಇಳಿದಿದ್ದಾನೆ."

ಫೋನ್ ಇಟ್ಟು ಎವೆರೆಟ್‌ಗೆ ಮಾಡಿದೆ. ಆ ದರಿದ್ರ ಫೋನ್‌ಗೆ ಮೇನ್‌ನ ಟವರ್ ಚೆನ್ನಾಗಿ ಸಿಗುತ್ತಿತ್ತು. ಮೊದಲ ರಿಂಗಿಗೇ ಎತ್ತಿದ.

"ಸಿಕ್ಕಿದ್ರಾ?"

"ಎಲ್ಲರೂ ಅಂಗಡೀಲೇ ಇದ್ದಾರೆ. ದಾರಿಗೆ ಬಂದೇ ಇಲ್ಲ. ನೀನು ವಾಪಸ್ ಬಾ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. ಎಷ್ಟೋ ಹೊತ್ತಿನಿಂದ ಹಿಡಿದಿಟ್ಟ ಉಸಿರು. "ಒಳ್ಳೇದಾಯ್ತು," ಅಂದ. ಆಮೇಲೆ, "ದಿಬ್ಬದ ಮೇಲಿದ್ದೀನಿ. ಈಚೆ ತಗ್ಗು ದಾಟುವಾಗ ಇಂಜಿನ್‌ಗೆ ನೀರು ಹೋಯ್ತು. ಹೇಗೋ ಇಲ್ಲೀವರೆಗೆ ಎಳೀತು, ಅಡ್ಡ ನಿಲ್ಲಿಸ್ದೆ, ಈಗ ಉಸಿರೇ ಇಲ್ಲ."

"ನಡೆದು ಬಾ."

"ನೋಡ್ದೆ. ಎದೆ ಮಟ್ಟ ಇದೆ, ಎಳೀತಾ ಇದೆ. ಆಚೆ ತಗ್ಗು ಇನ್ನೂ ಆಳ."

ಅಡುಗೆಮನೆಯ ಕಪಾಟಿನ ಮೇಲೆ ದೋಣಿಯವರ ಜೊತೆ ಮಾತಾಡುವ ರೇಡಿಯೋ ಇದೆ. ಒಂದು ಕೈಯಲ್ಲಿ ಫೋನ್ ಹಿಡಿದೇ ಅದನ್ನು ಒತ್ತಿದೆ. ನಳ್ಳಿ ಹಿಡಿಯುವ ಕಾಲ ಮುಗಿಯುವ ವಾರ, ಊರಿನ ಗಂಡಸರೆಲ್ಲ ನೀರಿಗಿಳಿಸಿದ್ದ ಬಲೆಬುಟ್ಟಿ ಎತ್ತಲು ಕೊಲ್ಲಿಯಾಚೆ ಹೋಗಿದ್ದರು. ಕರಾವಳಿ ಕಾವಲಿನವರೂ ಕೇಳಿಸಿಕೊಂಡರು. ಎಲ್ಲರೂ ಹೊರಟೆವು ಅಂದರು. ದ್ವೀಪದ ತಲೆ ಸುತ್ತಿ ಬರಬೇಕು, ಏನೂ ಕಾಣುತ್ತಿಲ್ಲ, ಅವನಿಗೆ ಹಾರ್ನ್ ಬಿಡದೆ ಒತ್ತಲು ಹೇಳು, ಸದ್ದಿನ ಮೇಲೆ ಬರುತ್ತೇವೆ ಅಂದರು.

ಹೇಳಿದೆ. ಹಾರ್ನ್ ಶುರುವಾಯಿತು. ಒಂದು ಕಿವಿಗೆ ಫೋನಿನಿಂದ ಹತ್ತಿರದಲ್ಲಿ ಕೇಳುತ್ತಿತ್ತು, ಇನ್ನೊಂದಕ್ಕೆ ಕಿಟಕಿಯಿಂದ, ಬಹಳ ದೂರದಲ್ಲಿ.

"ಸೀಟಿನ ಮೇಲೆ ಕೂರಬೇಡ, ಚಾವಣಿ ಹತ್ತು," ಅಂದೆ.

"ಹಾರ್ನ್ ಒತ್ತೋದು ಯಾರು? ನಿಮ್ಮಪ್ಪನಾ?"

"ಹಾಳಾಗಿ ಹೋಗು," ಅಂದೆ. ಅಳು ಬಂದಿತ್ತು. ಅವನಿಗೆ ಗೊತ್ತಾಗದಿರಲಿ ಎಂದು ಬೈದೆ. ಗೊತ್ತಾಗಿರುತ್ತದೆ.

"ಆರ್ಡಿತ್, ಗಂಟೆ ಎಷ್ಟು? ನಮ್ಮದು."

ಒಲೆಯ ಗಡಿಯಾರ ನೋಡಿ ಹೇಳಿದೆ. ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ವರ್ಷ ಉಬ್ಬರದ ಜೊತೆ ಬದುಕಿದವನಿಗೆ ನೀರು ನೋಡಿದರೇ ಗೊತ್ತಾಗುತ್ತದೆ. ದಿಬ್ಬದ ಮೇಲೆ ನೀರು ಬರಲು ಇನ್ನೆಷ್ಟು, ಬಾಗಿಲ ಮಟ್ಟಕ್ಕೆ ಬರಲು ಇನ್ನೆಷ್ಟು ಎಂದು ಅವನು ಲೆಕ್ಕ ಹಾಕುತ್ತಿದ್ದ ಅಂತ ಕಾಣುತ್ತದೆ.

"ಆ ಗಡಿಯಾರ ಸರಿಮಾಡಬೇಕು," ಅಂದ. "ಕರೆಂಟ್ ಕಿತ್ತರೆ ಪ್ರಯೋಜನ ಇಲ್ಲ, ಸೆಲ್ ಇದೆ. ಅದು ಮರೆಯಲ್ಲ. ಯಾರಾದ್ರೂ ಮತ್ತೆ ಪ್ಲಗ್ ಹಾಕಿದ್ರೆ ಅದೇ ತಪ್ಪು ಗಂಟೆ. ಸಂಜೆ ಮಕ್ಕಳು ಅದನ್ನೇ ನೋಡ್ಕೊಂಡು ದಾಟ್ತಾರೆ, ನಾಳೆನೂ ಅದನ್ನೇ."

"ನೀನೇ ಬಂದು ಮಾಡು."

"ಕೇಳು. ಪರದೆ ಅಲ್ಲೇ ಇದೆ. ಮೇಲಕ್ಕೆ ಬಾಣ ಇರೋ ಕೀಲಿ ಒತ್ತುತಾ ಹೋದ್ರೆ ಬೆಳಗ್ಗೆ ನಾನು ಹೊಡೆದ ಸಾಲುಗಳೇ ಒಂದೊಂದಾಗಿ ಬರ್ತವೆ. ದಿನಾಂಕ ಇರೋ ಸಾಲಲ್ಲಿ ಗಂಟೆ ತಿದ್ದು. ಆಮೇಲೆ ಕೆಳಗಿನ ಸಾಲು ಹೊಡಿ, ಚಿಪ್ಪಿಗೆ ಬರಿಯೋದು. ಬರೆಸೋದು ಮರೆತ್ರೆ ತಿದ್ದಿದ್ದು ನಿಲ್ಲಲ್ಲ."

"ನೀನೇ ಬಂದು ಮಾಡು ಅಂದೆ."

"ಫೋನ್ ನೋಡಬೇಡ. ಮರ್ಟಲ್‌ನ ಕೈಗಡಿಯಾರ ನೋಡು."

ಆಮೇಲೆ ಅವನು ಮಾತಾಡಿದ್ದು ಕಡಿಮೆ. ನೀರು ಒಳಗೆ ಬಂತು ಅಂದ. ತಣ್ಣಗಿದೆ ಅಂದ. ನಮ್ಮ ಕೊಲ್ಲಿಯ ನೀರು ಜೂನ್‌ನಲ್ಲೂ ಕೈ ಇಟ್ಟರೆ ಮೂಳೆ ನೋಯುವಷ್ಟು ತಣ್ಣಗಿರುತ್ತದೆ. ದೋಣಿಯ ಸದ್ದು ಕೇಳ್ತಿದೆಯಾ ಎಂದು ನಾನು ಕೇಳುತ್ತಿದ್ದೆ, ಇಲ್ಲ ಅನ್ನುತ್ತಿದ್ದ. ಒಂದು ಸಲ, ಕೇಳ್ತಿದೆ ಅಂದ. ಆಗಲೇ ಫೋನ್ ಕಡಿಯಿತು. ಕಿಟಕಿಯಿಂದ ಹಾರ್ನ್ ಇನ್ನೂ ಬರುತ್ತಿತ್ತು. ನಾನು ಹೊರಗೆ ಓಡಿ ದಾರಿಯ ತುದಿಗೆ ಹೋಗಿ ನಿಂತೆ. ಹೆಂಗಸರು, ಮುದುಕರು ಎಲ್ಲ ಬಂದಿದ್ದರು. ಹಾರ್ನ್ ಸದ್ದು ಗೊಗ್ಗರಾಯಿತು, ನೀರೊಳಗಿಂದ ಬಂದ ಹಾಗೆ, ಆಮೇಲೆ ನಿಂತಿತು. ಮಂಜಿನಲ್ಲಿ ಎಲ್ಲೋ ದೋಣಿಗಳ ಇಂಜಿನ್‌ಗಳು ಒಂದರ ಹಿಂದೊಂದು ಆರಿದವು. ಕಿವಿ ಕೊಡಲು ಆರಿಸಿದರು. ಕೇಳಲು ಏನೂ ಇರಲಿಲ್ಲ.

ನಮ್ಮ ತಲೆಯ ಮೇಲೆ ದೀಪ ಹಸಿರಾಗೇ ಉರಿಯುತ್ತಿತ್ತು. ನಮ್ಮ ಎರಡು ಗಂಟೆಗೆ, ತಾನು ಒಂದೆಂದು ತಿಳಿದ ಹೊತ್ತಿಗೆ ಸರಿಯಾಗಿ, ಕೆಂಪಾಯಿತು.

ಇಳಿಹೊತ್ತಿನಲ್ಲಿ ಅವನನ್ನು ದೋಣಿಯವರು ತಂದರು. ಸೊಸೈಟಿಯ ಕಟ್ಟೆಯ ಮೇಲೆ ಮಲಗಿಸಿ ಕಂಬಳಿ ಹೊದಿಸಿದರು. ಎಲ್ಲರೂ ನನ್ನನ್ನು ಅವನ ಪಕ್ಕ ಕೂರಿಸಿದರು. ಕೂತೆ. ಯಾರೋ ಚಹಾ ತಂದರು, ಯಾರೋ ಕೈ ಹಿಡಿದುಕೊಂಡರು. ಆದರೆ ಕಡಲು ಇಳಿಯುವ ಹೊತ್ತಾದಂತೆ ನನಗೆ ಅಲ್ಲಿ ಕೂರಲು ಆಗಲಿಲ್ಲ. ಎದ್ದು ದಾರಿಯ ತುದಿಗೆ ನಡೆದೆ. ಮಂಜು ಹಗುರಾಗಿತ್ತು. ತಗ್ಗಿನ ನೀರು ಇಳಿದು ಜಲ್ಲಿ ಬೆಳ್ಳಗೆ ಕಾಣುತ್ತಿತ್ತು. ದೀಪ ಮಾತ್ರ ಕೆಂಪಾಗೇ ಇತ್ತು. ಅದರ ಪ್ರಕಾರ ಇನ್ನೂ ಒಂದು ಗಂಟೆ ನೀರಿತ್ತು.

"ಕೆಂಪಿದೆ, ಆರ್ಡಿತ್," ಎಂದು ಹಿಂದಿನಿಂದ ಯಾರೋ ಅಂದರು. ಬೇರೇನೂ ಹೇಳಲು ತೋಚದೆ ಅಂದದ್ದು.

ನಾನು ನಡೆದೆ. ದಿಬ್ಬದ ಮೇಲೆ ಪಿಕಪ್ ಅಡ್ಡ ನಿಂತಿತ್ತು, ವ್ಯಾನ್ ದಾಟದಂತೆ ಅವನು ನಿಲ್ಲಿಸಿದ ಹಾಗೇ, ಉಬ್ಬರ ಮಾತ್ರ ಅದನ್ನು ಒಂದು ಗಾಡಿ ದಾಟುವಷ್ಟು ಅಂಚಿಗೆ ತಳ್ಳಿತ್ತು. ಅದರ ಪಕ್ಕದಲ್ಲಿ ಹಾದುಹೋದೆ, ಒಳಗೆ ನೋಡಲಿಲ್ಲ. ಆಚೆ ದಡದಲ್ಲಿ ಮರ್ಟಲ್ ಕಂಬದ ಕೆಳಗೆ ನಿಂತಿದ್ದಳು, ಹಿಂದೆ ವ್ಯಾನ್‌ನಲ್ಲಿ ಮಕ್ಕಳು. ಅವಳು ನನ್ನನ್ನು ಅಪ್ಪಿಕೊಂಡು, ಆ ಡಬ್ಬವನ್ನ ಕಲ್ಲು ತಗೊಂಡು ಜಜ್ಜಿ ಹಾಕ್ತೀನಿ ಅಂದಳು.

"ಬೇಡ. ನಿನ್ನ ಗಡಿಯಾರ ಬಿಚ್ಚಿ ಕೊಡು," ಅಂದೆ.

ಗೂಡಿನಲ್ಲಿ ಮೊಣಕಾಲೂರಿ ಕೂತೆ. ಮರ್ಟಲ್ ಬಾಗಿಲಲ್ಲಿ ನಿಂತು ಟಾರ್ಚ್ ಹಿಡಿದಳು. ಬಾಣದ ಕೀಲಿ ಒತ್ತಿದೆ, ಒತ್ತುತ್ತ ಹೋದೆ. ಬೆಳಗ್ಗೆ ಅವನು ಹೊಡೆದ ಸಾಲುಗಳು ಹಿಂದುಮುಂದಾಗಿ ಒಂದೊಂದೇ ಬಂದವು: ಮಲಗಿಸಿದ್ದು, ಓದಿಸಿದ್ದು, ಬರೆಸಿದ್ದು. ಆಮೇಲೆ ದಿನಾಂಕದ ಸಾಲು ಬಂತು. ಅವನ ಕೈಯಿಂದ ಬಂದ ಗಂಟೆ ಅಲ್ಲೇ ಇತ್ತು. ಅದನ್ನು ಅಳಿಸಲು ನನ್ನ ಬೆರಳು ಬಹಳ ಹೊತ್ತು ಏಳಲಿಲ್ಲ. ಬೆಳಗ್ಗೆ ಅದನ್ನು ಹೊಡೆಯುವಾಗ ಅವನು ಎಷ್ಟು ಖುಷಿಯಾಗಿದ್ದ ಎಂಬುದು ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು. ಅಳಿಸಿದೆ. ಮರ್ಟಲ್‌ನ ಗಡಿಯಾರ ನೋಡಿ ನಮ್ಮ ಹೊತ್ತು ಹೊಡೆದೆ. ಚಿಪ್ಪಿಗೆ ಬರೆಸಿದೆ, ಓದಿಸಿ ನೋಡಿದೆ.

ತಲೆಯ ಮೇಲೆ ದೀಪ ಹಸಿರಾಯಿತು. ವ್ಯಾನ್‌ನ ಕಿಟಕಿಯಿಂದ ಡಾರ್ಸಿ ತಲೆ ಹಾಕಿದಳು.

"ಅಜ್ಜಿ, ಹಸಿರು ಬಂತು. ಈಗ ಹೋಗಬಹುದಾ?"

ಮರ್ಟಲ್ ವ್ಯಾನ್ ಹತ್ತಿ ಕೂತು ನನ್ನ ಮುಖ ನೋಡಿದಳು, ಚಾಲೂ ಮಾಡಲಿಲ್ಲ. ನಾನು ದಾರಿಗೆ ಇಳಿದು ಮುಂದೆ ನಡೆದೆ. ತಗ್ಗಿನ ತಳದಲ್ಲಿ ನಿಂತು, ಕಾಲಡಿಯ ಜಲ್ಲಿಯನ್ನು ಒದ್ದು ಅವಳಿಗೆ ಸದ್ದು ಕೇಳಿಸಿದ ಮೇಲೆ ಇಂಜಿನ್ ಶುರುವಾಯಿತು. ಮನೆಯವರೆಗೂ ಹಾಗೇ ಹೋದೆವು, ನಾನು ಮುಂದೆ, ಮಕ್ಕಳು ಹಿಂದೆ.